ಈ ಸಿಲಿಂಡರ್‌ಗೆ ಎಷ್ಟು ಲೀಟರ್ ಗಾಳಿ ಬೇಕು?

ಪೀಣ್ಯದ ಗೆಳೆಯರು ಫೋನ್ ಮಾಡಿ ಕಾರ್ಖಾನೆಯ ಕಂಪ್ರೆಸ್ಡ್ ಏರ್ (ಒತ್ತಿ ತುಂಬಿದ ಗಾಳಿ) ಉಳಿತಾಯದ ಬಗ್ಗೆ ಕೇಳಿದಾಗಲೆಲ್ಲ ಮಾತು ಕಂಪ್ರೆಸರ್‌ನಿಂದಲೇ ಶುರುವಾಗುತ್ತದೆ. ಹಳೇ ಪಿಸ್ಟನ್ ಕಂಪ್ರೆಸರ್ ತೆಗೆದು ಸ್ಕ್ರೂ ಹಾಕಿಸೋಣವೇ, ಮೋಟಾರಿನ ವೇಗ ಬೇಕಾದಂತೆ ಏರಿಳಿಸುವ ವಿಎಫ್‌ಡಿ ಇರುವುದೇ ಬೇಕೇ, ಬೆಸ್ಕಾಂ ಬಿಲ್ ಎಷ್ಟು ಇಳಿಯಬಹುದು? ನಾನೀಗ ಇರುವ ಜರ್ಮನಿಯ ಸ್ಟುಟ್‌ಗಾರ್ಟ್ ಸೀಮೆಯಲ್ಲಿ, ಮೆಷಿನ್ ಕಟ್ಟುವವರ ನಡುವೆ, ಇದೇ ಮಾತು ಇನ್ನೊಂದು ತುದಿಯಿಂದ ಹೊರಡುತ್ತದೆ. ಗಾಳಿಯ ಬಲದಿಂದ ಪಿಸ್ಟನ್ ರಾಡ್ ತಳ್ಳಿ ಮೆಷಿನ್ನಿನ ಭಾಗ ಸರಿಸುವ ಈ ಸಿಲಿಂಡರ್ ಒಂದು ಸಲ ಹೋಗಿ ಬರುವುದಕ್ಕೆ ಎಷ್ಟು ಲೀಟರ್ ಗಾಳಿ ಬೇಕು? ಎರಡೂ ಕಡೆ ಕೆಲಸ ಮಾಡಿದವನಾಗಿ ನನ್ನ ಅಭಿಪ್ರಾಯ ಸ್ಪಷ್ಟ: ಮೊದಲು ಕೇಳಬೇಕಾದದ್ದು ಈ ಎರಡನೇ ಪ್ರಶ್ನೆ. ನಮ್ಮವರು ಅದನ್ನು ಕೇಳದಿರುವುದು ತಿಳಿವಳಿಕೆ ಸಾಲದೆ ಅಲ್ಲ, ಅದಕ್ಕೆ ಬೇರೆಯೇ ಕಾರಣವಿದೆ.

ಲೆಕ್ಕ ಹಾಕಿ ನೋಡೋಣ. 63 ಮಿಮೀ ಬೋರ್ (ಒಳವ್ಯಾಸ), 200 ಮಿಮೀ ಸ್ಟ್ರೋಕ್ (ಪಿಸ್ಟನ್ ಓಡುವ ದೂರ), 20 ಮಿಮೀ ರಾಡ್ ಇರುವ ಸಿಲಿಂಡರ್ ನಮ್ಮ ಶೆಡ್ಡುಗಳಲ್ಲಿ ತೀರಾ ಸಾಮಾನ್ಯ. 6 ಕೆಜಿ (ಹೆಚ್ಚುಕಮ್ಮಿ 6 ಬಾರ್) ಪ್ರೆಷರ್‌ನಲ್ಲಿ ಅದು ಒಂದು ಸಲ ಹೋಗಿ ಬಂದರೆ, ಒತ್ತುವ ಮೊದಲಿನ ಹೊರಗಿನ ಗಾಳಿಯ ಲೆಕ್ಕದಲ್ಲಿ ಸುಮಾರು 8.3 ಲೀಟರ್ ಖರ್ಚು. ನಿಮಿಷಕ್ಕೆ ಹತ್ತು ಸಲ ಅಂದರೆ 83 ಲೀಟರ್. 7 ಬಾರ್‌ನಲ್ಲಿ ನಿಮಿಷಕ್ಕೆ ಒಂದು ಘನ ಮೀಟರ್ ಗಾಳಿ ಕೊಡಲು ಕಂಪ್ರೆಸರ್‌ಗೆ 6ರಿಂದ 7 ಕಿಲೋವ್ಯಾಟ್ ಬೇಕು. ಹಾಗಾಗಿ ಈ ಒಂದೇ ಸಿಲಿಂಡರ್ ಅರ್ಧ ಕಿಲೋವ್ಯಾಟ್ ಎಳೆಯುತ್ತಿದೆ. ದಿನಕ್ಕೆ ಎರಡು ಶಿಫ್ಟ್, ವರ್ಷಕ್ಕೆ 300 ದಿನ ಅಂತ ಹಿಡಿದರೆ 2,500 ಯೂನಿಟ್ ದಾಟುತ್ತದೆ. ಅದೂ ಎಲ್ಲೂ ಲೀಕ್ ಇಲ್ಲ ಎಂದಿಟ್ಟುಕೊಂಡರೆ.

ಆ ಜಾಗಕ್ಕೆ 50 ಮಿಮೀ ಬೋರ್ ಸಾಕಾಗಿದ್ದರೆ? ಖರ್ಚು 5 ಲೀಟರ್‌ಗೆ ಇಳಿಯುತ್ತದೆ. ಹಾಗಾದರೆ 63 ಯಾಕೆ ಹಾಕುತ್ತಾರೆ? "ಇರಲಿ ಬಿಡಿ ಸಾರ್, ಒಂದು ಸೈಜ್ ದೊಡ್ಡದೇ ಹಾಕಿ" ಎನ್ನುವ ಮಾತಿನ ಹಿಂದೆ ನಿಜವಾದ ಅನುಭವವಿದೆ. ಮೆಷಿನ್ ಕಟ್ಟುವವನಿಗೆ ಗಿರಾಕಿಯ ಏರ್ ಲೈನ್ ಮೇಲೆ ನಂಬಿಕೆಯಿಲ್ಲ. ಕಂಪ್ರೆಸರ್ ಹತ್ತಿರ ಗೇಜ್ 7 ತೋರಿಸುತ್ತಿದ್ದರೂ, ತುಕ್ಕು ಹಿಡಿದ ಜಿಐ ಪೈಪಿನಲ್ಲಿ ಶೆಡ್ಡಿನ ಕೊನೇ ಮೆಷಿನ್‌ವರೆಗೆ ಬರುವಷ್ಟರಲ್ಲಿ 4 ಉಳಿದರೆ ಪುಣ್ಯ. 63ರ ಬೋರ್ 4 ಬಾರ್‌ನಲ್ಲಿ ಕೊಡುವ ಬಲ ಸುಮಾರು 127 ಕೆಜಿ. 50ರ ಬೋರ್ 6 ಬಾರ್‌ನಲ್ಲಿ ಕೊಡುವುದು 120 ಕೆಜಿ. ಹೆಚ್ಚುಕಮ್ಮಿ ಒಂದೇ. ಲೈನಿನ ಕೊರತೆಯನ್ನು ಸಿಲಿಂಡರ್ ದಪ್ಪ ಮಾಡಿ ತುಂಬಿಸುತ್ತಾರೆ, ಅಷ್ಟೇ. ದಪ್ಪ ಸಿಲಿಂಡರ್ ಇನ್ನಷ್ಟು ಗಾಳಿ ಎಳೆದು ಲೈನ್ ಪ್ರೆಷರ್ ಮತ್ತೆ ಬೀಳಿಸುತ್ತದೆ. ಆಗ ಕಂಪ್ರೆಸರ್ ಸೆಟ್ಟಿಂಗ್ ಒಂದು ಕೆಜಿ ಏರಿಸುತ್ತಾರೆ. ಹೀಗೆ ಏರಿಸಿದ ಪ್ರತಿ ಕೆಜಿಗೆ ಕರೆಂಟ್ ನೂರಕ್ಕೆ 6–7ರಷ್ಟು ಹೆಚ್ಚು. ಕೊನೆಗೆ ದೊಡ್ಡ ಕಂಪ್ರೆಸರ್ ಕೊಟೇಶನ್ ತರಿಸುತ್ತಾರೆ. ಮಧ್ಯದ ಪೈಪನ್ನು ಮಾತ್ರ ಯಾರೂ ಮುಟ್ಟುವುದಿಲ್ಲ.

ಇಲ್ಲಿ ಜರ್ಮನಿಯಲ್ಲಿ ನಾನು ಕಂಡ ವ್ಯತ್ಯಾಸ ಕಾಗದದ ಮೇಲಿನದು. ಮೆಷಿನ್ ಆರ್ಡರ್ ಕೊಡುವಾಗಲೇ ಗಿರಾಕಿ ತನ್ನ ಲೈನ್ ಪ್ರೆಷರ್ ಎಷ್ಟಿರುತ್ತದೆ ಎಂದು ಬರೆದುಕೊಡುತ್ತಾನೆ, ಮೆಷಿನ್ ಎಷ್ಟು ಗಾಳಿ ಬಳಸುತ್ತದೆ ಎಂದು ಬರೆಸಿಕೊಳ್ಳುತ್ತಾನೆ. ಒಮ್ಮೆ ಆ ಅಂಕಿಗೆ ಸಹಿ ಬಿದ್ದಿತೆಂದರೆ ಡಿಸೈನ್ ಮಾಡುವವನು ತಾನಾಗಿಯೇ ಜುಗ್ಗನಾಗುತ್ತಾನೆ. ವಾಪಸ್ ಸ್ಟ್ರೋಕ್ ಬರೀ ರಾಡನ್ನು ಹಿಂದಕ್ಕೆ ತರುವುದು ತಾನೇ, ಅದಕ್ಕೆ 6 ಕೆಜಿ ಯಾಕೆ ಎಂದು ಕೇಳುತ್ತಾನೆ. ಆ ಬದಿಗೆ ರೆಗ್ಯುಲೇಟರ್ ಕೂರಿಸಿ 3ಕ್ಕೆ ಇಳಿಸುತ್ತಾನೆ. ಮೇಲಿನ 50ರ ಸಿಲಿಂಡರ್‌ಗೆ ಇದನ್ನೂ ಸೇರಿಸಿದರೆ ಖರ್ಚು 4 ಲೀಟರ್, ಅಂದರೆ ಹೊರಟಲ್ಲಿಂದ ಅರ್ಧ. ಒಂದು ಎಚ್ಚರಿಕೆ: ಎದುರು ಬದಿಯಲ್ಲಿ ಪ್ರೆಷರ್ ಕಡಿಮೆ ಇರುವುದರಿಂದ ಪಿಸ್ಟನ್ ಮುಂದಕ್ಕೆ ಹೊರಡುವಾಗ ಜಿಗಿಯಬಹುದು. ಗಾಳಿಯ ಹರಿವು ಹಿಡಿದು ವೇಗ ತಗ್ಗಿಸುವ ಫ್ಲೋ ಕಂಟ್ರೋಲ್ ಹೊಸದಾಗಿ ಸೆಟ್ ಮಾಡದೆ ಮೆಷಿನ್ ಬಿಡಬೇಡಿ.

ಟ್ಯೂಬಿನ ವಿಷಯ ಇನ್ನೂ ಸ್ವಾರಸ್ಯದ್ದು. 16 ಮಿಮೀ ಬೋರ್, 25 ಮಿಮೀ ಸ್ಟ್ರೋಕಿನ ಪುಟ್ಟ ಸಿಲಿಂಡರ್ ಒಳಗೆ ಹಿಡಿಯುವ ಜಾಗ 5 ಮಿಲಿಲೀಟರ್. ಗಾಳಿಯನ್ನು ಬೇಕಾದ ಬದಿಗೆ ತಿರುಗಿಸುವ ವಾಲ್ವ್‌ಗಳ ಪ್ಯಾನೆಲಿನಿಂದ ಅದಕ್ಕೆ 6 ಮಿಮೀ (ಒಳಗೆ 4 ಮಿಮೀ) ಪಿಯು ಪ್ಲಾಸ್ಟಿಕ್ ಟ್ಯೂಬ್ ಎರಡು ಮೀಟರ್ ಎಳೆದಿದ್ದರೆ ಆ ಟ್ಯೂಬೊಳಗೇ 25 ಮಿಲಿಲೀಟರ್. ಪ್ರತಿ ಸ್ಟ್ರೋಕಿನಲ್ಲೂ ಕೆಲಸ ಮಾಡುವ ಗಾಳಿಯ ಐದು ಪಟ್ಟು ಗಾಳಿ ಟ್ಯೂಬ್ ತುಂಬಿ, ಸೈಲೆನ್ಸರ್‌ನಿಂದ ಹೊರಗೆ ಹೋಗುತ್ತದೆ. ವಾಲ್ವ್ ಬ್ಲಾಕನ್ನು ಸಿಲಿಂಡರ್ ಪಕ್ಕಕ್ಕೆ ತಂದರೆ ಸಾಕು, ಹೊಸ ಸಾಮಾನು ಏನೂ ಬೇಡ. ವೈರಿಂಗ್ ಅಂದವಾಗಿ ಕಾಣಲಿ ಎಂದು ಎಲ್ಲ ವಾಲ್ವನ್ನೂ ಒಂದೇ ಡಬ್ಬಿಯಲ್ಲಿ ಕೂರಿಸುವ ನಮ್ಮ ರೂಢಿಗೆ ನನ್ನ ವಿರೋಧ ಇರುವುದು ಇದಕ್ಕೇ.

ಹಾಗಂತ ಎಲ್ಲದರಲ್ಲೂ ಇಲ್ಲಿನವರೇ ಮುಂದು ಎಂದರೆ ನಾನು ಒಪ್ಪುವುದಿಲ್ಲ. ಪೀಣ್ಯದ ಫಿಟ್ಟರ್ ಸಿಲಿಂಡರ್ ನಿಂತಿರುವಾಗ ವಾಲ್ವಿನ ಸೈಲೆನ್ಸರ್ ಮೇಲೆ ಬೆರಳಿಟ್ಟು ನೋಡುತ್ತಾನೆ. ಗಾಳಿ ಬರುತ್ತಿದ್ದರೆ, ಲೈನ್ ಬಂದ್ ಮಾಡಿ ಗಾಳಿ ಪೂರ್ತಿ ಬಿಟ್ಟು, ಎಕ್ಸಾಸ್ಟ್ ಬದಿಯ ಟ್ಯೂಬ್ ಕಳಚಿ, ಮತ್ತೆ ನಿಧಾನಕ್ಕೆ ಗಾಳಿ ಕೊಡುತ್ತಾನೆ. ಸಿಲಿಂಡರ್ ಪೋರ್ಟಿನಿಂದ ಬಂದರೆ ಪಿಸ್ಟನ್ ಸೀಲ್ ಹೋಗಿದೆ, ಇಲ್ಲವಾದರೆ ದೋಷ ವಾಲ್ವಿನದು. ಸೀಲ್ ಕಿಟ್ ತರಿಸಿ ಊಟದ ಹೊತ್ತಿಗೆ ಮೆಷಿನ್ ಓಡಿಸುತ್ತಾನೆ. ಇಲ್ಲಿ ಕೂಲಿ ದುಬಾರಿ. ಸೀಲ್ ಬದಲಿಸುವ ಬದಲು ಇಡೀ ಸಿಲಿಂಡರ್ ಬದಲಿಸುವುದನ್ನು ಎಷ್ಟೋ ಸಲ ನೋಡಿದ್ದೇನೆ. ಅಲ್ಯೂಮಿನಿಯಂ ಬ್ಯಾರೆಲ್ ಗಟ್ಟಿಯಾಗಿರುವಾಗ ಅದು ನನಗೆ ಸರಿಕಾಣುವುದಿಲ್ಲ.

ಕರೆಂಟ್ ಹೋದಾಗ ಶೆಡ್ ಪೂರ್ತಿ ಮೌನವಾಗಿ, ಎಲ್ಲಿ 'ಸುಯ್' ಎನ್ನುತ್ತಿದೆ ಎಂದು ಕೇಳಿಸುತ್ತದಲ್ಲ, ಆ ಹೊತ್ತನ್ನು ಲೀಕ್ ಟೆಸ್ಟಿಗೆ ಬಳಸಬಹುದು. ಸಿಲಿಂಡರ್‌ಗಳೆಲ್ಲ ನಿಂತಿರುವಾಗ 500 ಲೀಟರ್ ಟ್ಯಾಂಕಿನ ಗೇಜ್ 7ರಿಂದ 6ಕ್ಕೆ ಎರಡು ನಿಮಿಷದಲ್ಲಿ ಇಳಿದರೆ, ನಿಮಿಷಕ್ಕೆ 250 ಲೀಟರ್ ಸುಮ್ಮನೆ ಹೋಗುತ್ತಿದೆ. ಅದು ಮೇಲಿನ 63ರ ಸಿಲಿಂಡರ್ ಮೂರು ಸೇರಿದಷ್ಟು. ಫ್ರೌನ್‌ಹೋಫರ್ ಸಂಸ್ಥೆ 2001ರಲ್ಲಿ ಪ್ರಕಟಿಸಿದ ಅಧ್ಯಯನ, ಯುರೋಪಿನ ಕೈಗಾರಿಕೆಗಳ ವಿದ್ಯುತ್ತಿನಲ್ಲಿ ನೂರಕ್ಕೆ ಸುಮಾರು 10 ಪಾಲು ಕಂಪ್ರೆಸ್ಡ್ ಏರ್‌ಗೆ ಹೋಗುತ್ತದೆ ಎಂದು ಲೆಕ್ಕ ಕೊಟ್ಟಿತ್ತು; ಉಳಿತಾಯದ ದಾರಿಗಳಲ್ಲಿ ಅತಿ ಹೆಚ್ಚು ಫಲ ಅದಕ್ಕೆ ಕಂಡದ್ದು ಲೀಕ್ ತಡೆಯುವುದರಲ್ಲಿ, ಹೊಸ ಕಂಪ್ರೆಸರ್‌ನಲ್ಲಿ ಅಲ್ಲ.

ತುಮಕೂರು ರಸ್ತೆಯ ಬಿಐಇಸಿ ಪ್ರದರ್ಶನ ಕೇಂದ್ರದಲ್ಲಿ ಮೆಷಿನ್ ಟೂಲ್ ಮೇಳ ಇಮ್‌ಟೆಕ್ಸ್ ನಡೆಯುವಾಗ ಸ್ಟಾಲಿನಲ್ಲಿ ನಿಂತು ಎಲ್ಲರೂ ಕೇಳುವುದು ಸೈಕಲ್ ಟೈಮ್ ಮತ್ತು ರೇಟು. ಜೊತೆಗೆ ಗಾಳಿಯ ಲೆಕ್ಕವನ್ನೂ ಕೇಳಿ, ಪರ್ಚೇಸ್ ಆರ್ಡರ್‌ನಲ್ಲಿ ಬರೆಸಿ: ಒಂದು ಸೈಕಲ್‌ಗೆ ಎಷ್ಟು ಲೀಟರ್, ಯಾವ ಪ್ರೆಷರ್‌ನಲ್ಲಿ, ಎರಡೂ ಸ್ಟ್ರೋಕ್ ಮತ್ತು ಟ್ಯೂಬ್ ಸೇರಿಸಿ. ನಿಮ್ಮ ಕಡೆಯಿಂದ, ಮೆಷಿನ್ ಕೂರುವ ಜಾಗದಲ್ಲಿ, ಎಲ್ಲ ಮೆಷಿನ್ ಓಡುತ್ತಿರುವಾಗ ಗೇಜ್ ಹಾಕಿ ನೋಡಿದ ಪ್ರೆಷರನ್ನು ಅದೇ ಕಾಗದದಲ್ಲಿ ಬರೆದುಕೊಡಿ. ಕಂಪ್ರೆಸರ್ ರೂಮಿನ ಗೇಜ್ ಅಂಕಿ ಅದಕ್ಕೆ ಆಗಿಬರುವುದಿಲ್ಲ.