ಡಿಸ್ಚಾರ್ಜ್ ಚೀಟಿಯಲ್ಲಿ ಒಂದು ಸಾಲು ಬರೆಯೋಕೆ ಏನು ಕಷ್ಟ?

ಕಳೆದ ವರ್ಷ 19ನೇ ವಾರದ ಸ್ಕ್ಯಾನ್‌ನಲ್ಲಿ ಮಗುವಿನ ಹಾರ್ಟ್‌ಬೀಟ್ ಇಲ್ಲ ಅಂದರು. ಮಾತ್ರೆ ಕೊಟ್ಟು ನೋವು ಬರಿಸಿದರು. ಹೆರಿಗೆ ನೋವು ಪೂರ್ತಿ ತಿಂದೆ, ಬರಿಗೈಯಲ್ಲಿ ಮನೆಗೆ ಬಂದೆ. ಮಗು ಹೋಗಿದ್ದಕ್ಕೆ ನಾನು ಯಾರನ್ನೂ ಬೈಯಲ್ಲ. ಸಿಟ್ಟಿರೋದು ಆಮೇಲೆ ನಡೆದಿದ್ದಕ್ಕೆ.

ನನ್ನನ್ನು ಮಲಗಿಸಿದ್ದು ಬಾಣಂತಿಯರ ವಾರ್ಡ್‌ನಲ್ಲೇ. ನಡುವೆ ಒಂದು ಹಸಿರು ಪರದೆ, ಅಷ್ಟೇ. ಬೆಳಿಗ್ಗೆ ನೆಲ ಒರೆಸೋಕೆ ಬಂದ ಆಯಾ, "ಏನ್ ಮಗು ಅಕ್ಕಾ, ಗಂಡಾ ಹೆಣ್ಣಾ? ಸ್ವೀಟ್‌ಗೆ ಏನಾದ್ರೂ ಕೊಡಿ" ಅಂದಳು. ಪಾಪ, ಅವಳಿಗೆ ಯಾರೂ ಹೇಳಿರಲಿಲ್ಲ. ನಮ್ಮನೆಯವರು ಏನೂ ಮಾತಾಡದೆ ಜೇಬಿಂದ ನೂರು ರೂಪಾಯಿ ತೆಗೆದು ಕೊಟ್ಟರು. ಕೊಡುವಾಗ ಅವಳ ಮುಖ ನೋಡಲಿಲ್ಲ, ಫ್ಯಾನ್ ನೋಡ್ತಾ ಇದ್ದರು. ಕೆಲಸದವರಿಗೆ ಗೊತ್ತಾಗೋ ಹಾಗೆ ಮಂಚದ ತಲೆದಿಸೆಗೆ ಒಂದು ಗುರುತು ಅಂಟಿಸಿದ್ದರೆ ಸಾಕಿತ್ತು.

ಡಿಸ್ಚಾರ್ಜ್ ಚೀಟಿಯಲ್ಲಿ ಎಲ್ಲಾ ಇತ್ತು. ಆಂಟಿಬಯೋಟಿಕ್, ಕಬ್ಬಿಣದ ಮಾತ್ರೆ, ವಾರ ಬಿಟ್ಟು ಸ್ಕ್ಯಾನ್. ಎದೆಹಾಲು ಬರುತ್ತೆ ಅಂತ ಮಾತ್ರ ಬರೆದಿರಲಿಲ್ಲ, ಬಾಯಲ್ಲೂ ಹೇಳಲಿಲ್ಲ. ಮೂರನೇ ದಿನ ಗ್ಯಾಸ್ ಮುಂದೆ ನಿಂತಿದ್ದೆ. ಪಕ್ಕದ ಮನೆ ಮಗು ಅತ್ತಿತು. ನೈಟಿ ಮುಂದುಗಡೆ ಪೂರ್ತಿ ಒದ್ದೆ. ಏನಾಗ್ತಿದೆ ಅಂತಾನೇ ಗೊತ್ತಾಗಲಿಲ್ಲ, ಅಲ್ಲೇ ಕೂತುಬಿಟ್ಟೆ. ಆಸ್ಪತ್ರೆಗೆ ಫೋನ್ ಮಾಡಿದರೆ "ಅದು ಕಾಮನ್ ಮೇಡಂ, ಬಿಗಿಯಾಗಿ ಬಟ್ಟೆ ಕಟ್ಕೊಳ್ಳಿ" ಅಂದರು. ಕಾಮನ್ ಅಂತ ಗೊತ್ತಿದ್ದ ಮೇಲೆ ಮೊದಲೇ ಹೇಳಬೇಕಿತ್ತು ಅಲ್ವಾ? ಹಾಲು ನಿಲ್ಲೋಕೆ ಮಾತ್ರೆನೂ ಇದೆಯಂತೆ. ಅದು ಗೊತ್ತಾಗಿದ್ದು ಎಷ್ಟೋ ದಿನ ಆದಮೇಲೆ.

ಬಂದವರೆಲ್ಲ ಒಂದೇ ಮಾತು. "ಹೋಗಿದ್ದು ಹೋಯ್ತು, ಬೇಗ ಇನ್ನೊಂದು ಮಾಡ್ಕೊಳ್ಳಿ." "ಪಪ್ಪಾಯಿ ಏನಾದ್ರೂ ತಿಂದಿದ್ಯಾ?" "ಸ್ಕೂಟರ್ ಓಡಿಸಬೇಡ ಅಂದಿದ್ನಲ್ಲಾ." ನಮ್ಮನೆಯವರಿಗೆ "ಅವಳನ್ನ ಚೆನ್ನಾಗಿ ನೋಡ್ಕೊಳ್ಳಪ್ಪ" ಅನ್ನೋರು. ಅವರಿಗೆ ಹೇಗಿದೆ ಅಂತ ಒಬ್ಬರೂ ಕೇಳಲಿಲ್ಲ.

ಆಫೀಸಿಗೆ ಫೋನ್ ಮಾಡಿದರೆ ಸಿಕ್ ಲೀವ್ ಹಾಕಿ ಅಂದರು. ಗರ್ಭಪಾತ ಆದವರಿಗೆ ಆರು ವಾರ ಸಂಬಳ ಸಹಿತ ರಜೆ ಅಂತ ಕಾನೂನಿನಲ್ಲೇ ಇದೆ. ಹಾಸಿಗೆಯಲ್ಲಿ ಮಲಗಿಕೊಂಡು ಮೊಬೈಲ್‌ನಲ್ಲಿ ಹುಡುಕಿ ಅದನ್ನು ಎಚ್‌ಆರ್‌ಗೆ ಕಳಿಸಿದವಳು ನಾನೇ. ಆ ಸ್ಥಿತಿಯಲ್ಲಿ ನಾನು ಮಾಡಬೇಕಾದ ಕೆಲಸವಾ ಅದು?

ನಮ್ಮಕ್ಕನ ಕಥೆ ಬೇರೆ, ನೋವು ಮಾತ್ರ ಇದೇ. ಎರಡು ಸಲ ಐವಿಎಫ್, ಅಂದರೆ ಟೆಸ್ಟ್‌ಟ್ಯೂಬ್ ಬೇಬಿ ಚಿಕಿತ್ಸೆ ಮಾಡಿಸಿದಳು. ಎರಡೂ ಸಲ ಫೋನ್‌ನಲ್ಲಿ ಅರ್ಧ ನಿಮಿಷದ ಮಾತು. "ಬೀಟಾ ನೆಗೆಟಿವ್ ಮೇಡಂ, ಪೀರಿಯಡ್ಸ್ ಆದ ಎರಡನೇ ದಿನ ಬನ್ನಿ." ಅಂದರೆ ಗರ್ಭ ನಿಂತಿಲ್ಲ ಅಂತ. 2021ರ ಕಾನೂನಿನ ಪ್ರಕಾರ ಇಂಥ ಕ್ಲಿನಿಕ್‌ಗಳು ದಂಪತಿಗೆ ಕೌನ್ಸೆಲಿಂಗ್ ಕೊಡಲೇಬೇಕು. ಅವಳಿಗೆ ಅಲ್ಲಿ ಸಿಕ್ಕ ಕೌನ್ಸೆಲರ್ ಮಾತಾಡಿದ್ದು ಪ್ಯಾಕೇಜ್ ಮತ್ತು ಇಎಂಐ ಬಗ್ಗೆ ಮಾತ್ರ.

ಐದು ತಿಂಗಳು ನಾನು ಸರಿಯಾಗಿ ನಿದ್ದೆ ಮಾಡಲಿಲ್ಲ. ತಾಯಿ ಕಾರ್ಡ್‌ನಲ್ಲಿ ಬರೆದಿದ್ದ ಡ್ಯೂ ಡೇಟ್ ದಿನ ಬೀರು ಮುಂದೆ ಕೂತಿದ್ದೆ, ಸಂಜೆ ತನಕ. ಅವತ್ತು ಚಿಕ್ಕಮ್ಮನ ಮಗಳು ಹೇಳಿದ ಮೇಲೇ ಗೊತ್ತಾಗಿದ್ದು, 14416 ಅಂತ ಒಂದು ನಂಬರ್ ಇದೆ ಅಂತ. ಟೆಲಿ ಮಾನಸ್, ಮನಸ್ಸಿನ ತೊಂದರೆ ಇರೋರಿಗೆ ಸರ್ಕಾರದ ಸಹಾಯವಾಣಿ. 2022ರಿಂದ ಇದೆ, ದುಡ್ಡು ಬೇಡ, ಕನ್ನಡದಲ್ಲೇ ಮಾತಾಡಬಹುದು, ರಾತ್ರಿಯೂ ಮಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಬಸುರಿ, ಬಾಣಂತಿಯರ ಮನಸ್ಸಿನ ತೊಂದರೆಗೆ ಅಂತಲೇ ಬೇರೆ ಡಾಕ್ಟರ್‌ಗಳಿದ್ದಾರೆ. ಅಮ್ಮ ಮಗು ಇಬ್ಬರನ್ನೂ ಜೊತೆಗೇ ಇಟ್ಟುಕೊಂಡು ನೋಡಿಕೊಳ್ಳೋ ವಾರ್ಡ್ 2009ರಿಂದ ಇದೆ. ಎಡಿನ್‌ಬರೋ ಸ್ಕೇಲ್ ಅಂತ ಹತ್ತು ಪ್ರಶ್ನೆಗಳ ಒಂದು ಹಾಳೆ ಇದೆ. ಹೆರಿಗೆ ಆದವರ ಮನಸ್ಸು ಹೇಗಿದೆ ಅಂತ ನೋಡೋಕೆ 1987ರಲ್ಲೇ ಬಂದಿದ್ದು, ಕನ್ನಡದಲ್ಲೂ ಇದೆ. ತುಂಬೋಕೆ ಐದು ನಿಮಿಷ ಸಾಕು. ಇಷ್ಟೆಲ್ಲ ಇದ್ದೂ ನನಗೆ ಯಾರೂ ಒಂದು ಮಾತು ಹೇಳಲಿಲ್ಲ!

ಕೊನೆಗೆ ಒಬ್ಬ ಕೌನ್ಸೆಲರ್ ಹತ್ತಿರ ಹೋದೆ. ಅವರು ಮೊದಲು ಕೇಳಿದ್ದು, "ಮಗುಗೆ ಹೆಸರು ಏನಾದ್ರೂ ಅಂದ್ಕೊಂಡಿದ್ರಾ?" ಅಲ್ಲೀವರೆಗೆ ಎಲ್ಲರಿಗೂ ಅದು 'ಅಬಾರ್ಷನ್ ಕೇಸ್'. ಮಗು ಅಂದಿದ್ದು ಅವರೊಬ್ಬರೇ. ಹೆಸರು ಹೇಳಿದೆ. ಒಂದು ಗಂಟೆ ಅತ್ತೆ. ಅವತ್ತು ರಾತ್ರಿ ನಿದ್ದೆ ಬಂತು.

ಮೊನ್ನೆ ಆ ಆಸ್ಪತ್ರೆಗೇ ಹೋಗಿ ಕೇಳಿದೆ. ನನ್ನ ಥರದವರ ಚೀಟಿ ಮೇಲೆ ಆ ನಂಬರ್ ಹಾಕಿ, ಹಾಲು ಬರೋ ವಿಷಯ ಒಂದು ಸಾಲು ಬರೆಯಿರಿ ಅಂತ. "ಅದು ಸಾಫ್ಟ್‌ವೇರ್‌ನಲ್ಲಿ ಬರೋ ಫಾರ್ಮ್ಯಾಟ್ ಮೇಡಂ, ಬದಲಾಯಿಸೋಕೆ ಆಗಲ್ಲ" ಅಂದರು. ನನ್ನ ಚೀಟಿ ಕೈಯಲ್ಲೇ ಇತ್ತು. ಕೆಳಗೆ ಅರ್ಧ ಪುಟ ಖಾಲಿ ಬಿಟ್ಟಿರೋದನ್ನ ತೋರಿಸಿದೆ. ಪೆನ್ನಲ್ಲಾದ್ರೂ ಬರೆದುಕೊಡಿ ಅಂದೆ. ನೆಕ್ಸ್ಟ್ ಟೋಕನ್ ಕೂಗಿದರು.