ಕರೆಸಿ ಕೇಳಿ

ಶೇಕ್ಸ್‌ಪಿಯರನ ಒಥೆಲೊ ನಾಟಕದ ಮಾತು ಬಂದರೆ ನಮ್ಮಲ್ಲಿ 'ಸಂಶಯ ಪಿಶಾಚಿ' ಅಂದು ಕೈತೊಳೆದುಕೊಳ್ಳುವುದೇ ಹೆಚ್ಚು. ಗಂಡ ಒಥೆಲೊಗೆ ಅನುಮಾನ, ಪಕ್ಕದಲ್ಲೊಬ್ಬ ಚಾಡಿಕೋರ ಇಯಾಗೊ, ಪಾಪದ ಹೆಂಡತಿ ಡೆಸ್ಡಿಮೋನ ಸತ್ತಳು. ಕಥೆ ಅಷ್ಟೇ ಆಗಿದ್ದರೆ 1604ರಲ್ಲಿ ಲಂಡನ್ನಿನ ಅರಮನೆಯಲ್ಲಿ ಆಡಿದ್ದು ಅಲ್ಲೇ ಮುಗಿದುಹೋಗುತ್ತಿತ್ತು. ಬಸವಪ್ಪ ಶಾಸ್ತ್ರಿಗಳು 19ನೇ ಶತಮಾನದಲ್ಲೇ ಅದನ್ನು 'ಶೂರಸೇನ ಚರಿತ್ರೆ' ಮಾಡಿ ಕನ್ನಡಕ್ಕೆ ತರುವ ಅಗತ್ಯವೂ ಇರುತ್ತಿರಲಿಲ್ಲ. ನನಗೆ ಇದು ಹೊಟ್ಟೆಕಿಚ್ಚಿಗಿಂತ ವಿಚಾರಣೆಯ ನಾಟಕವಾಗಿ ಕಾಣುತ್ತದೆ. ಒಂದು ವಿಚಾರಣೆ ನೆಟ್ಟಗೆ ನಡೆಯುತ್ತದೆ, ಇನ್ನೊಂದು ನಡೆಯುವುದೇ ಇಲ್ಲ.

ನೆಟ್ಟಗೆ ನಡೆಯುವುದು ಮೊದಲ ಅಂಕದಲ್ಲಿ. ನಡುರಾತ್ರಿ, ವೆನಿಸ್‌ನ ಸೆನೆಟ್. ಡೆಸ್ಡಿಮೋನಳ ಅಪ್ಪ ಬ್ರಬಾನ್ಶಿಯೊ ಬಂದು ಸೇನಾಪತಿ ಒಥೆಲೊನ ಮೇಲೆ, ಈ ಕರಿಯ ನನ್ನ ಮಗಳಿಗೆ ಮಾಟಮದ್ದು ಹಾಕಿ ಮದುವೆಯಾಗಿದ್ದಾನೆ ಅಂತ ದೂರು ಕೊಡುತ್ತಾನೆ. ದೂರುವವನು ಸ್ವತಃ ಸೆನೆಟರ್. ಆದರೂ ವೆನಿಸ್‌ನ ದೊರೆ ಡ್ಯೂಕ್, ಬರೀ ಹೇಳಿದ ಮಾತ್ರಕ್ಕೆ ಸಾಬೀತಾಗುವುದಿಲ್ಲ ಅನ್ನುತ್ತಾನೆ. ಒಥೆಲೊ ಕೇಳಿಕೊಳ್ಳುವುದು ಒಂದೇ: ಅವಳನ್ನು ಕರೆಸಿ, ಅಪ್ಪನ ಎದುರಿಗೇ ಕೇಳಿ. ಕರೆಸುತ್ತಾರೆ, ಅವಳು ಬಂದು ಹೇಳುತ್ತಾಳೆ, ಆರೋಪ ಬಿದ್ದುಹೋಗುತ್ತದೆ. ಅವಧಿ ಕಡಿಮೆ ಮಾಡಲು ಹೊರಟವರ ಕತ್ತರಿ ಮೊದಲು ಹೋಗುವುದು ಈ ಅಂಕಕ್ಕೇ. ಇಟಲಿಯ ಸಂಗೀತಗಾರ ವರ್ದಿ ಇದೇ ಕಥೆಗೆ ಮಾಡಿದ 1887ರ ಒಪೆರಾದಲ್ಲಿ, ಅಂದರೆ ಹಾಡಿನ ನಾಟಕದಲ್ಲಿ, ವೆನಿಸ್ ಇಲ್ಲವೇ ಇಲ್ಲ. ಅಲ್ಲಿ ಸಂಗೀತವಿದೆ, ನಡೆಯುತ್ತದೆ. ಮಾತಿನ ನಾಟಕದಲ್ಲಿ ಈ ಕೋರ್ಟನ್ನು ಕಿತ್ತುಹಾಕಿದರೆ ಮುಂದೆ ಏನು ತಪ್ಪಿಹೋಯಿತು ಅನ್ನುವುದಕ್ಕೆ ಅಳತೆಯೇ ಉಳಿಯುವುದಿಲ್ಲ.

ಅಲ್ಲಿಂದ ಹೊರಡುವಾಗ ಬ್ರಬಾನ್ಶಿಯೊ ಉಗುಳಿದ ಒಂದು ಮಾತಿದೆ: ಅಪ್ಪನಿಗೆ ಮೋಸ ಮಾಡಿದವಳು ನಿನಗೂ ಮಾಡಿಯಾಳು. ಇಯಾಗೊ ಪಕ್ಕದಲ್ಲೇ ನಿಂತಿದ್ದಾನೆ. ಮೂರನೇ ಅಂಕದಲ್ಲಿ ಇದೇ ಮಾತು ಅವನ ಬಾಯಿಂದ ವಾಪಸ್ ಬರುತ್ತದೆ. ನಿರ್ದೇಶಕರು ಮೊದಲ ಸಲವೇ ಆ ಸಾಲಿನ ನಂತರ ಕ್ಷಣಕಾಲ ತಡೆದು ಇಯಾಗೊನನ್ನು ಬೆಳಕಿನಲ್ಲಿ ಉಳಿಸಬೇಕು. ಅವನು ಏನೂ ಮಾಡಬೇಕಿಲ್ಲ, ಕೇಳಿಸಿಕೊಂಡರೆ ಸಾಕು.

ಮೂರನೇ ಅಂಕದ ಮೂರನೇ ದೃಶ್ಯ ಸುಮಾರು 480 ಸಾಲು. ಹುಳ ಬಿಡುವುದು ಹೇಗೆ ಅನ್ನುವುದಕ್ಕೆ ಇದಕ್ಕಿಂತ ಪಾಠ ಬೇಡ. ಗಮನಿಸಿ, ಶುರುವಿನಲ್ಲಿ ಇಯಾಗೊ, ಒಥೆಲೊನ ಕೈಕೆಳಗಿನ ಅಧಿಕಾರಿ ಕ್ಯಾಸಿಯೊನ ಮೇಲೆ ಒಂದೇ ಒಂದು ಆರೋಪವನ್ನೂ ಮಾಡುವುದಿಲ್ಲ. ಒಥೆಲೊನನ್ನು ಬರೀ ಕೇಳುತ್ತಾನೆ: ನೀವು ಡೆಸ್ಡಿಮೋನಳನ್ನು ಪ್ರೀತಿಸುತ್ತಿದ್ದದ್ದು ಕ್ಯಾಸಿಯೊಗೆ ಗೊತ್ತಿತ್ತಾ? ಗೊತ್ತಿತ್ತು, ಯಾಕೆ? ಏನಿಲ್ಲ, ಸುಮ್ಮನೆ ಕೇಳಿದೆ. ನಮ್ಮಿಬ್ಬರ ನಡುವೆ ಓಡಾಡುತ್ತಿದ್ದವನೇ ಅವನು. ಹೌದಾ! ಹೌದು, ಯಾಕೆ, ಅವನು ಪ್ರಾಮಾಣಿಕ ಅಲ್ಲವಾ? ಪ್ರಾಮಾಣಿಕನಾ, ಸ್ವಾಮಿ? ಆ 'ಹೌದಾ' ಅನ್ನುವಲ್ಲೇ ಎಲ್ಲ ಇದೆ. ಖಾಲಿ ಜಾಗ ಬಿಟ್ಟುಕೊಡುವುದು ಇಯಾಗೊ, ತುಂಬಿಸಿಕೊಳ್ಳುವುದು ಒಥೆಲೊ. ಜೊತೆಗೆ, ತನ್ನದೇ ನಾಡಿನ, ಬಣ್ಣದ, ಅಂತಸ್ತಿನ ವರಗಳನ್ನೆಲ್ಲ ಬಿಟ್ಟು ನಿಮ್ಮನ್ನು ಒಪ್ಪಿದಳಲ್ಲ ಅನ್ನುವ ಮುಳ್ಳು. ಸೆನೆಟ್‌ನಲ್ಲಿ ತಲೆಯೆತ್ತಿ ನಿಂತವನು ಇಲ್ಲಿ, ನಾನು ಕಪ್ಪಗಿರುವುದಕ್ಕೇ ಇರಬಹುದು ಅಂದುಕೊಳ್ಳುತ್ತಾನೆ. ಇನ್ನೊಂದು ಬಲೆಯಂತೂ ಅವಳ ಒಳ್ಳೆಯತನದಿಂದಲೇ ಹೆಣೆದದ್ದು: ಕ್ಯಾಸಿಯೊಗೆ ಕೆಲಸ ವಾಪಸ್ ಕೊಡುವುದನ್ನು ಸ್ವಲ್ಪ ಮುಂದೂಡಿ, ನಿಮ್ಮ ಹೆಂಡತಿ ಎಷ್ಟು ಒತ್ತಾಯ ಮಾಡುತ್ತಾರೆ ನೋಡಿ. ಅವಳು ಒತ್ತಾಯ ಮಾಡೇ ಮಾಡುತ್ತಾಳೆ, ಕೆಲಸ ಕಳೆದುಕೊಂಡ ಕ್ಯಾಸಿಯೊಗೆ ಮಾತು ಕೊಟ್ಟಿದ್ದಾಳಲ್ಲ.

ಹಸಿ ಸುಳ್ಳು ಬರುವುದು ಒಥೆಲೊ ಇಯಾಗೊನ ಕುತ್ತಿಗೆ ಹಿಡಿದು ಕಣ್ಣಾರೆ ತೋರಿಸು ಅಂದ ಮೇಲೆ. ಕ್ಯಾಸಿಯೊ ನಿದ್ದೆಯಲ್ಲಿ ಕನವರಿಸಿದ, ಒಥೆಲೊ ಹೆಂಡತಿಗೆ ಕೊಟ್ಟಿದ್ದ ಕರವಸ್ತ್ರದಲ್ಲಿ ಗಡ್ಡ ಒರೆಸಿಕೊಂಡ. ಅಷ್ಟು ಹೊತ್ತಿಗೆ ಕರವಸ್ತ್ರ ಇಯಾಗೊನ ಕೈಗೆ ಸಿಕ್ಕಾಗಿದೆ.

ಇಯಾಗೊ ಮಾಡುವವರು ಹುಬ್ಬು ಕುಣಿಸಿ, ದನಿ ಕೀರಲು ಮಾಡಿ ಮಾತಾಡಿದರೆ ಕೆಟ್ಟಿತು. ಆಗ ನಂಬಿದ ಒಥೆಲೊ ಬರೀ ದಡ್ಡನಾಗುತ್ತಾನೆ. 'ಪ್ರಾಮಾಣಿಕ', 'ಪ್ರಾಮಾಣಿಕತೆ' ಅನ್ನುವ ಮಾತು ನಾಟಕದಲ್ಲಿ 50ಕ್ಕೂ ಹೆಚ್ಚು ಸಲ ಬರುತ್ತದೆ, ಬಹುಪಾಲು ಇವನ ಸುತ್ತಲೇ. ಇವನು ಸೇನೆಯಲ್ಲಿ ಹಳಬ, ನೇರ ಮಾತಿನವನು ಅಂತ ಎಲ್ಲರೂ ನಂಬಿದ್ದಾರೆ. ವಿಷವೆಲ್ಲ ಸ್ವಗತಗಳಲ್ಲಿರಲಿ. ಒಥೆಲೊನ ಎದುರು ಮಾತ್ರ ಹೇಳಲೋ ಬೇಡವೋ ಅಂತ ಒದ್ದಾಡುವ ಸ್ನೇಹಿತನಂತೆ ಇರಬೇಕು.

ಇನ್ನು ಕರವಸ್ತ್ರ. ಅದರ ಮೇಲೆ ಕೆಂಪು ಸ್ಟ್ರಾಬೆರಿ ಕಸೂತಿ ಇದೆ. ಡೆಸ್ಡಿಮೋನಳಿಂದ ಎಮಿಲಿಯ (ಇಯಾಗೊನ ಹೆಂಡತಿ, ಡೆಸ್ಡಿಮೋನಳ ಸಖಿ), ಇಯಾಗೊ, ಕ್ಯಾಸಿಯೊನ ಕೋಣೆ, ಬಿಯಾಂಕ (ಕ್ಯಾಸಿಯೊನ ಗೆಳತಿ), ಮತ್ತೆ ಕ್ಯಾಸಿಯೊ, ಹೀಗೆ ಅದು ಸುತ್ತುತ್ತದೆ. ಕೊನೇ ಸಾಲಿನ ಪ್ರೇಕ್ಷಕರಿಗೂ ಅದು ಪ್ರತಿ ಸಲ ಗುರುತು ಸಿಗಬೇಕು. ಒಥೆಲೊ 'ತೀರಾ ಚಿಕ್ಕದು' ಅನ್ನುತ್ತಾನೆಂದು ಪುಟ್ಟ ಬಿಳಿ ಕರ್ಚೀಫು ಕೊಟ್ಟರೆ ತಿಳಿಬಣ್ಣದ ನೆಲದ ಮೇಲೆ ಕಾಣುವುದೇ ಇಲ್ಲ. ನೆಲ ಗಾಢ ಬಣ್ಣದ್ದಿರಲಿ, ಕಸೂತಿ ದಪ್ಪಗಿರಲಿ, ಬೀಳುವ ಜಾಗದ ಮೇಲೆ ಬೆಳಕಿರಲಿ. ತಲೆನೋವು ಅಂದವನ ಹಣೆಗೆ ಅವಳು ಕಟ್ಟಲು ಹೋಗುತ್ತಾಳೆ, ಅವನು ಬೇಡ ಬಿಡು ಅಂತ ಸರಿಸುತ್ತಾನೆ, ಅದು ಬೀಳುತ್ತದೆ. ಬೀಳಿಸಿದವನು ಅವನೇ. ಅವಳ ಕೈಜಾರಿ ಬಿತ್ತು ಅನ್ನುವ ಹಾಗೆ ಆಡಿಸಿದರೆ ಅರ್ಧ ನಾಟಕ ಹೋಯಿತು. ಬಿಯಾಂಕಳ ಪಾತ್ರವನ್ನು ಕೈಬಿಡುವುದೂ ಹಾಗೇ. ಕರವಸ್ತ್ರ ಒಥೆಲೊನ ಕಣ್ಣೆದುರು ಬರುವ ದಾರಿಯೇ ಮುಚ್ಚಿಹೋಗುತ್ತದೆ.

ನಮ್ಮಲ್ಲೊಂದು ಗಾದೆ ಇದೆಯಲ್ಲ, ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತ. ನಾಲ್ಕನೇ ಅಂಕದಲ್ಲಿ ಇಯಾಗೊ ಕ್ಯಾಸಿಯೊನನ್ನು ಮಾತಿಗೆಳೆಯುವಾಗ ಒಥೆಲೊ ಮರೆಯಲ್ಲಿ ನಿಂತು ನೋಡುವ ದೃಶ್ಯಕ್ಕೆ ಅದೇ ಟಿಪ್ಪಣಿ. ಒಥೆಲೊಗೆ ನಗು, ಕೈಸನ್ನೆ ಕಾಣಬೇಕು. ಬಿಯಾಂಕಳ ಹೆಸರು ಕೇಳಿಸಬಾರದು. ಕ್ಯಾಸಿಯೊ ನಗುತ್ತಿರುವುದು ಅವಳ ಬಗ್ಗೆ, ಒಥೆಲೊ ಅಂದುಕೊಳ್ಳುವುದು ಡೆಸ್ಡಿಮೋನಳ ಬಗ್ಗೆ ಅಂತ. ಒಥೆಲೊನನ್ನು ನಾಲ್ಕು ಹೆಜ್ಜೆ ದೂರದ ಕಂಬದ ಹಿಂದೆ ನಿಲ್ಲಿಸಿದರೆ, ಇವನಿಗೆ ಕಿವಿ ಇಲ್ಲವಾ ಅಂತ ಪ್ರೇಕ್ಷಕರೇ ನಗುತ್ತಾರೆ. ರಂಗದ ಎದುರು ಮೂಲೆಗೆ ಕಳಿಸಿ, ಇಯಾಗೊ ಆ ಹೆಸರನ್ನು ದನಿ ತಗ್ಗಿಸಿ ಹೇಳಲಿ.

ವಿಚಾರಿಸಲು ಒಥೆಲೊಗೆ ಅವಕಾಶವೇ ಇರಲಿಲ್ಲವಾ? ಇತ್ತು. ಎಮಿಲಿಯಳನ್ನು ಕೇಳುತ್ತಾನೆ. ಇಬ್ಬರೂ ಆಡಿದ ಒಂದೊಂದು ಮಾತನ್ನೂ ಕೇಳಿದ್ದೇನೆ, ತಪ್ಪೇನೂ ಕಾಣಲಿಲ್ಲ ಅನ್ನುತ್ತಾಳೆ. ಅವಳನ್ನು ತಲೆಹಿಡುಕಿ ಅಂದುಕೊಂಡು ಆ ಸಾಕ್ಷಿಯನ್ನು ಬಿಸಾಡುತ್ತಾನೆ. ಯಾರೊಂದಿಗೆ, ಹೇಗೆ ತಪ್ಪಿದೆ ಅಂತ ಡೆಸ್ಡಿಮೋನ ಅಂಗಲಾಚಿದರೂ ಹೆಸರು ಹೇಳುವುದಿಲ್ಲ. ಕರವಸ್ತ್ರ ಕಳೆದಿಲ್ಲ ಅಂತ ಅವಳು ಸುಳ್ಳು ಹೇಳಿದ್ದು ನಿಜ. ಆದರೆ ಅದನ್ನು ಈಜಿಪ್ಟಿನ ಮಾಟಗಾತಿ ತನ್ನ ತಾಯಿಗೆ ಕೊಟ್ಟದ್ದು, ಕಳೆದರೆ ಸರ್ವನಾಶ ಅಂತ ಅವಳನ್ನು ಹೆದರಿಸಿದವನು ಇವನೇ. ಐದನೇ ಅಂಕದಲ್ಲಿ ಅದೇ ಕರವಸ್ತ್ರ, ಅಪ್ಪ ಅಮ್ಮನಿಗೆ ಕೊಟ್ಟದ್ದಾಗುತ್ತದೆ! ಸಾಕ್ಷಿಯ ಮಾತಿನಲ್ಲಿ ಇಂಥ ವ್ಯತ್ಯಾಸ ಬಂದರೆ ಯಾವ ವಕೀಲ ಬಿಡುತ್ತಾನೆ?

ಕ್ಯಾಸಿಯೊನ ಹೆಸರನ್ನು ಅವನು ಅವಳ ಎದುರು ಹೇಳುವುದು ಕೊಲ್ಲುವ ರಾತ್ರಿ, ಹಾಸಿಗೆಯ ಪಕ್ಕ ನಿಂತು. ಅವಳ ಉತ್ತರ: ಅವನಿಗೆ ಕರವಸ್ತ್ರ ಎಲ್ಲೋ ಸಿಕ್ಕಿರಬೇಕು, ನಾನು ಕೊಟ್ಟಿಲ್ಲ, ಅವನನ್ನು ಕರೆಸಿ ಕೇಳಿ. ಮೊದಲ ಅಂಕದಲ್ಲಿ ಒಥೆಲೊ ತನಗಾಗಿ ಕೇಳಿಕೊಂಡದ್ದೂ ಇದನ್ನೇ. ಕನ್ನಡಕ್ಕೆ ತರುವವರು ಎರಡೂ ಕಡೆ ಅದೇ ಕ್ರಿಯಾಪದ ಇಡಬೇಕು, ಕಿವಿಗೆ ತಾಕಬೇಕು. ಅವನ ಬಾಯಿ ಮುಚ್ಚಿಸಿ ಆಗಿದೆ ಅನ್ನುತ್ತಾನೆ ಒಥೆಲೊ. ಕ್ಯಾಸಿಯೊ ಆಗ ಕಾಲಿಗೆ ಪೆಟ್ಟು ಬಿದ್ದು, ಹೊರಗೆ, ಜೀವಂತ ಇದ್ದಾನೆ. ಅವಳು ಸತ್ತ ಮೇಲೆ ಅವನನ್ನು ಕುರ್ಚಿಯಲ್ಲಿ ಹೊತ್ತು ತರುತ್ತಾರೆ. ಆ ಕರವಸ್ತ್ರ ನಿನಗೆ ಹೇಗೆ ಬಂತು ಅಂತ ಒಥೆಲೊ ಈಗ ಕೇಳುತ್ತಾನೆ. ನನ್ನ ಕೋಣೆಯಲ್ಲಿ ಬಿದ್ದಿತ್ತು, ಸಿಕ್ಕಿತು ಅನ್ನುತ್ತಾನೆ ಕ್ಯಾಸಿಯೊ.