ಕಂಠೀರವ ಮೊದಲು ಓಡುವವರದ್ದು

2021ರ ಅಕ್ಟೋಬರ್ 30. ಪುನೀತ್ ಅವರನ್ನು ಕೊನೆಯ ಸಲ ನೋಡಲು ಕಂಠೀರವ ಸ್ಟೇಡಿಯಂ ಹೊರಗಿನ ಸಾಲಿನಲ್ಲಿ ನಿಂತಿದ್ದೆ. ನನ್ನ ಮುಂದೆ ಒಬ್ಬರು ಅಜ್ಜಿ, ಕೈಯಲ್ಲಿ ಒಂದು ಮೊಳ ಮಲ್ಲಿಗೆ. ಹೂವೆಲ್ಲ ಬಾಡಿದ್ದರೂ ಬಿಡಲಿಲ್ಲ. "ಅಣ್ಣಾವ್ರನ್ನೂ ಇಲ್ಲೇ ನೋಡ್ಕೊಂಡು ಹೋಗಿದ್ದೆ ಕಣಪ್ಪಾ" ಅಂದರು. ಹೌದು, 2006ರಲ್ಲಿ ರಾಜ್‌ಕುಮಾರ್ ಅವರನ್ನೂ ಇಲ್ಲೇ ಇಟ್ಟಿದ್ದರು. ಅಪ್ಪನಿಗೂ ಮಗನಿಗೂ ಊರು ಕೈಮುಗಿದಿದ್ದು ಒಂದೇ ಮೈದಾನದಲ್ಲಿ.

ಅದಕ್ಕೇ, ಸ್ಟೇಡಿಯಂನಲ್ಲಿ ಆಟ ಬಿಟ್ಟು ಬೇರೇನೂ ಬೇಡ ಅನ್ನುವವರ ಮಾತನ್ನು ನಾನು ಪೂರ್ತಿ ಒಪ್ಪಲ್ಲ. ಅಷ್ಟು ಜನ ಆವತ್ತು ಬೇರೆ ಎಲ್ಲಿಗೆ ಹೋಗಬೇಕಿತ್ತು?

ಈ ಜಾಗ ಮೊದಲು ಸಂಪಂಗಿ ಕೆರೆ. ಕೆರೆ ಹೋಗಿ ಮೈದಾನ ಬಂತು. ಹತ್ತಿರದಲ್ಲೇ ಉಳಿದಿರುವ ಪುಟ್ಟ ಕೊಳಕ್ಕೆ ಕರಗದ ಪೂಜೆ ಈಗಲೂ ತಪ್ಪಿಲ್ಲ. 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕೆ ಸ್ಟೇಡಿಯಂ ಹೊಸದಾಯಿತು.

ಆಮೇಲೆ ಫುಟ್‌ಬಾಲ್. 2016ರ ಅಕ್ಟೋಬರ್ 19ರ ರಾತ್ರಿ ಬೆಂಗಳೂರು ಎಫ್‌ಸಿ ಹಿಂದಿನ ವರ್ಷದ ಚಾಂಪಿಯನ್, ಮಲೇಷ್ಯಾದ ಜೊಹೊರ್ ತಂಡವನ್ನು 3-1ರಿಂದ ಸೋಲಿಸಿ ಏಷ್ಯಾದ ಕ್ಲಬ್‌ಗಳ ಟೂರ್ನಿಯಾದ ಎಎಫ್‌ಸಿ ಕಪ್‌ನ ಫೈನಲ್ ತಲುಪಿತು. ಭಾರತದ ಯಾವ ಕ್ಲಬ್ಬೂ ಅಲ್ಲಿಯವರೆಗೆ ಹೋಗಿರಲಿಲ್ಲ. ಚೆಟ್ರಿ ಎರಡು ಗೋಲು ಹೊಡೆದರು. ಕೂಗಿ ಕೂಗಿ ಮಾರನೇ ದಿನ ನನಗೆ ಗಂಟಲೇ ಇರಲಿಲ್ಲ.

ಆದರೆ ಒಂದೇ ಹುಲ್ಲಿನ ಮೇಲೆ ಅಥ್ಲೀಟ್‌ಗಳು, ಫುಟ್‌ಬಾಲಿಗರು ಇಬ್ಬರೂ ಬದುಕಬೇಕು. ಅಥ್ಲೀಟ್‌ಗಳು ಎಸೆಯುವ ಹ್ಯಾಮರ್‌ನ ಭಾರದ ಗುಂಡು ಬಿದ್ದ ಕಡೆ ಹುಲ್ಲು ಕಿತ್ತು ಗುಂಡಿಯಾಗುತ್ತೆ. ಅದೇ ಹುಲ್ಲು ಫುಟ್‌ಬಾಲ್‌ಗೆ ಸಮನಾಗಿರಬೇಕು. ಹಾಗಾಗಿ ಜಗಳ ಬರುತ್ತೆ, ನಿಜ. ಕೂತು ಸಮಯ ಹಂಚಿಕೊಂಡರೆ ಅದು ಬಗೆಹರಿಯುವ ಜಗಳ. ಇಬ್ಬರೂ ಆಡುವವರೇ ಅಲ್ವಾ?

ನನಗೆ ಸಿಟ್ಟು ಬರೋದು ವೇದಿಕೆ ಕಾರ್ಯಕ್ರಮಗಳ ಮೇಲೆ. ಹುಡುಗನಾಗಿದ್ದಾಗ ನಾನು ಓಡುತ್ತಿದ್ದ ಜಿಲ್ಲಾ ಮೈದಾನದಲ್ಲಿ ಒಂದು ಸಮಾವೇಶ ನಡೆಯಿತು. ಮರುದಿನ ಬೆಳಿಗ್ಗೆ ಹೋದರೆ ಮಣ್ಣಿನ ಟ್ರ್ಯಾಕ್ ತುಂಬ ಶಾಮಿಯಾನದ ಗೂಟ ಕಿತ್ತ ಗುಂಡಿಗಳು. ಮೂರನೇ ಲೇನ್‌ನಲ್ಲಿ ಒಂದು ಗುಂಡಿಗೆ ಕಾಗದದ ತಟ್ಟೆ ಮುಚ್ಚಿಕೊಂಡಿತ್ತು. ನನ್ನ ಗೆಳೆಯ ಅದರ ಮೇಲೇ ಕಾಲಿಟ್ಟ. ಪಾದ ಉಳುಕಿ ಆ ವರ್ಷದ ರಾಜ್ಯ ಮಟ್ಟದ ಕೂಟ ತಪ್ಪಿಹೋಯಿತು. ಅವನು ಮತ್ತೆ ಓಡಲೇ ಇಲ್ಲ.

2013ರಲ್ಲಿ, 2023ರಲ್ಲಿ ಮುಖ್ಯಮಂತ್ರಿಗಳ ಪ್ರಮಾಣವಚನ ಕಂಠೀರವದಲ್ಲೇ ಆಯಿತು. ಪಕ್ಷ ಯಾವುದೇ ಇರಲಿ, ನನ್ನ ಮಾತು ಒಂದೇ: ಅದಕ್ಕೆ ವಿಧಾನಸೌಧದ ಮುಂದೆ ಜಾಗ ಇದೆ. 2018ರಲ್ಲಿ ಅಲ್ಲೇ ಮಾಡಿದರಲ್ಲ! ನಾಡಿನ ದುಃಖಕ್ಕೆ ಗೇಟು ತೆರೆಯಲಿ, ಬೇಡ ಅನ್ನಲ್ಲ. ಅಂಥ ದಿನ ಯಾವಾಗಲೋ ಒಮ್ಮೆ ಬರುತ್ತೆ.

2025ರ ಜುಲೈನಲ್ಲಿ ನೀರಜ್ ಚೋಪ್ರಾ ಇದೇ ಮೈದಾನದಲ್ಲಿ 86.18 ಮೀಟರ್ ಎಸೆದು ಗೆದ್ದಾಗ ಗ್ಯಾಲರಿಯಲ್ಲಿ ನನ್ನ ಪಕ್ಕ ಒಬ್ಬ ಹುಡುಗಿ ಕೂತಿದ್ದಳು. ಹನ್ನೆರಡು ವರ್ಷ ಇರಬಹುದು. ಜಾವೆಲಿನ್ ಹಾರಿದಾಗಲೆಲ್ಲ ಅವಳ ಬಲಗೈ ತಾನಾಗಿಯೇ ಮೇಲೇಳುತ್ತಿತ್ತು. ನಾಳೆ ಬೆಳಿಗ್ಗೆ ಅವಳು ಪ್ರಾಕ್ಟೀಸಿಗೆ ಬಂದರೆ "ಇವತ್ತು ಫಂಕ್ಷನ್ ಇದೆ, ಹೋಗಮ್ಮಾ" ಅಂತ ಯಾರೂ ಅವಳನ್ನು ಗೇಟಿನಿಂದಲೇ ವಾಪಸ್ ಕಳಿಸಬಾರದು.